ಕೋಸ್ಟರಿಕಾದ ಕಾಡು ಉಳಿದ ಬಗೆ

ಸಂಸಾರಸಮೇತರಾಗಿ ದೇಶ ನೋಡಲು ಹೊರಟವರು ಹಿಂದೆ ಗುಡಿ ಗೋಪುರಗಳನ್ನೂ ಅರಮನೆ ಕೋಟೆಗಳನ್ನೂ ಅರಸಿಕೊಂಡು ಹೋಗುತ್ತಿದ್ದರು. ಈಚೆಗೆ ಕಾಡನ್ನು ಅರಸಿಕೊಂಡು ಹೋಗುವವರೂ ಹೆಚ್ಚಿದ್ದಾರೆ. ಮಳೆಕಾಡು, ಅದರೊಳಗಿನ ಪ್ರಾಣಿಪಕ್ಷಿಗಳು, ಜೊತೆಗೆ ಮಕ್ಕಳು ನೀರಿಗಿಳಿದು ಆಡಬಹುದಾದ ಕಡಲತೀರ, ಈ ಮೂರೂ ಒಂದೇ ರಜೆಯಲ್ಲಿ ದೊರೆಯಬೇಕೆನ್ನುವ ಅಮೆರಿಕ, ಯೂರೋಪುಗಳ ಕುಟುಂಬಗಳು ಹುಡುಕಿಕೊಂಡು ಹೋಗುವ ನಾಡುಗಳಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ಮುಖ್ಯವಾದುದು. ಬೆಳಿಗ್ಗೆ ಮರದ ತುದಿಯಲ್ಲಿ ತಲೆಕೆಳಗಾಗಿ ತೂಗುವ ಸ್ಲಾತ್ ಎಂಬ ಜಡಪ್ರಾಣಿಯನ್ನು ತಂದೆ ಮಗನಿಗೆ ತೋರಿಸುತ್ತಾನೆ. ಮಧ್ಯಾಹ್ನ ಅದೇ ಕಾಡಿನ ಅಂಚಿನಲ್ಲಿ ಕಡಲಸ್ನಾನ. ರಾತ್ರಿ ದೀಪವಿಲ್ಲದ ಮರಳಿನ ಮೇಲೆ ಸದ್ದಿಲ್ಲದೆ ಕುಳಿತು, ಮೊಟ್ಟೆಯಿಡಲು ಬರುವ ಹಸಿರಾಮೆಯ ದರ್ಶನ.

ಈ ದೇಶದ ವಿಸ್ತಾರ ಸುಮಾರು 51,100 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಪೂರ್ವಕ್ಕೆ ಕೆರಿಬಿಯನ್ ಕಡಲು, ಪಶ್ಚಿಮಕ್ಕೆ ಶಾಂತಸಾಗರ. ನಡುವೆ ಜ್ವಾಲಾಮುಖಿಗಳಿಂದ ಕೂಡಿದ ಬೆಟ್ಟಸಾಲು. ಎರಡು ಅಮೆರಿಕ ಖಂಡಗಳ ಜೀವಿಗಳು ಕಲೆತು ನೆಲಸಿದ ಸೇತುವೆಯಂಥ ನೆಲವಾದುದರಿಂದ, ಜಗತ್ತಿನ ಜೀವಜಾತಿಗಳಲ್ಲಿ ನೂರಕ್ಕೆ ಐದರಷ್ಟು ಇಲ್ಲಿವೆಯೆಂದು ಅಂದಾಜು ಮಾಡಿದ್ದಾರೆ.

ಇದನ್ನೆಲ್ಲ ನೋಡಿದ ಪ್ರವಾಸಿಗೆ, ಪ್ರಕೃತಿ ಈ ನಾಡಿಗೆ ಕೈತುಂಬ ಕೊಟ್ಟಿತು, ಇವರು ಪುಣ್ಯವಂತರು ಎನಿಸುವುದು ಸಹಜ. ಆದರೆ ಕೊಟ್ಟದ್ದೆಲ್ಲ ಉಳಿಯುವುದಿಲ್ಲ. 1940ರ ಸುಮಾರಿಗೆ ದೇಶದ ಮುಕ್ಕಾಲು ಪಾಲನ್ನು ಮುಚ್ಚಿದ್ದ ಕಾಡು 1980ರ ದಶಕದಲ್ಲಿ ಸುಮಾರು ಕಾಲುಪಾಲಿಗೆ ಇಳಿದಿದ್ದಿತು. ಇಂದು ಮತ್ತೆ ಅರ್ಧಕ್ಕಿಂತ ಹೆಚ್ಚು ನೆಲ ಮರದ ನೆರಳಿನಲ್ಲಿದೆ. ಒಂದು ತಲೆಮಾರಿನಲ್ಲಿ ಕಳೆದುಕೊಂಡದ್ದನ್ನು ಮುಂದಿನ ತಲೆಮಾರಿನಲ್ಲಿ ಇಷ್ಟರಮಟ್ಟಿಗೆ ಹಿಂದಕ್ಕೆ ಪಡೆದ ಉಷ್ಣವಲಯದ ದೇಶಗಳು ವಿರಳ. ಇದು ಹೇಗೆ ಆಯಿತು? ಯಾರು ಮಾಡಿದರು? ಯಾರು ಬೆಲೆ ತೆತ್ತರು? ರಜೆಗೆಂದು ಹೋಗುವವರು ಕೇಳದಿದ್ದರೂ ಚರಿತ್ರೆ ಕೇಳಬೇಕಾದ ಪ್ರಶ್ನೆಗಳಿವು.

ಹಡಗಿನಲ್ಲಿ ಬಂದ ಮೊದಲಿಗರು

ಈ ತೀರಕ್ಕೆ ಯೂರೋಪಿನಿಂದ ಬಂದ ಮೊದಲ ತಂಡವೂ ಒಂದು ರೀತಿಯಲ್ಲಿ ಕುಟುಂಬವೇ ಆಗಿದ್ದಿತು. 1502ರ ಸೆಪ್ಟೆಂಬರಿನಲ್ಲಿ ಕೊಲಂಬಸನು ತನ್ನ ನಾಲ್ಕನೆಯ ಹಾಗೂ ಕಡೆಯ ಯಾತ್ರೆಯಲ್ಲಿ ಈಗಿನ ಲಿಮೋನ್ ಪಟ್ಟಣದ ಹತ್ತಿರ ಲಂಗರು ಹಾಕಿದಾಗ, ಜೊತೆಯಲ್ಲಿ ಅವನ ತಮ್ಮ ಬಾರ್ತೊಲೊಮಿಯೊ ಇದ್ದನು. ಇನ್ನೂ ಬಾಲಕನಾಗಿದ್ದ ಮಗ ಫರ್ನಾಂಡೊ ಕೂಡ ಇದ್ದನು. ಈ ಹುಡುಗನೇ ಮುಂದೆ ತಂದೆಯ ಚರಿತ್ರೆಯನ್ನು ಬರೆದವನು.

ಅವರು ಇಲ್ಲಿನ ಪ್ರಾಣಿಗಳನ್ನು ಕಂಡ ಬಗೆ ಹೇಗೆ? 1503ರ ಜುಲೈನಲ್ಲಿ ಜಮೈಕಾದಿಂದ ತನ್ನ ರಾಜದಂಪತಿಗಳಿಗೆ ಬರೆದ ಪತ್ರದಲ್ಲಿ ಕೊಲಂಬಸನು ಒಂದು ಪ್ರಸಂಗವನ್ನು ವಿವರಿಸಿದ್ದಾನೆ. ಬಿಲ್ಲುಗಾರನೊಬ್ಬನು ಮನುಷ್ಯಮುಖದ ಒಂದು ದೊಡ್ಡ ಕೋತಿಯನ್ನು ಹೊಡೆದಿದ್ದನು. ಬಾಣ ಮೈಯಲ್ಲಿ ತೂರಿಹೋಗಿದ್ದರೂ ಅದು ಸಾಯದೆ ರೇಗಿ ನಿಂತಿದ್ದರಿಂದ ಅದರ ಒಂದು ಕೈ, ಒಂದು ಕಾಲನ್ನು ಕಡಿಯಬೇಕಾಯಿತಂತೆ. ಹಾಗೆ ಅರೆಜೀವವಾದ ಕೋತಿಯನ್ನು ಹಡಗಿನಲ್ಲಿದ್ದ ಕಾಡುಹಂದಿಯ ಎದುರಿಗೆ ಎಸೆದಾಗ, ಅದು ಬಾಲವನ್ನು ಹಂದಿಯ ಮೂತಿಗೆ ಸುತ್ತಿ ಉಳಿದ ಒಂದು ಕೈಯಿಂದ ಅದರ ತಲೆಯನ್ನು ಬಿಗಿಹಿಡಿಯಿತು. ಈ ಹೊಸಬಗೆಯ ಬೇಟೆ ತನಗೆ ಸೊಗಸಾಗಿ ಕಂಡುದರಿಂದಲೇ ಇದನ್ನು ಬರೆಯುತ್ತಿರುವೆನೆಂದು ಕೊಲಂಬಸನ ಅಭಿಪ್ರಾಯ. ಅದೇ ಜಾತಿಯ, ಬಾಲವನ್ನೇ ಐದನೆಯ ಕೈಯಾಗಿ ಬಳಸುವ ಕೋತಿಗಳನ್ನು ನೋಡಲು ಇಂದು ಜನ ಸಾವಿರಾರು ಮೈಲಿ ಪ್ರಯಾಣ ಮಾಡುತ್ತಾರೆ. ನೋಟವೂ ಚರಿತ್ರೆಯಲ್ಲಿ ಬದಲಾಗುವ ವಸ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸ್ಲಾತಿನ ಕಥೆಯೂ ಇಂಥದೇ. 16ನೆಯ ಶತಮಾನದ ಸ್ಪ್ಯಾನಿಷ್ ಇತಿಹಾಸಕಾರ ಒವಿಯೆದೊ ನೆರೆಯ ಭೂಭಾಗದಲ್ಲಿ ಈ ಪ್ರಾಣಿಯನ್ನು ಕಂಡು, ಇಷ್ಟು ಕುರೂಪವಾದ, ಇಷ್ಟು ನಿಷ್ಪ್ರಯೋಜಕವಾದ ಜೀವಿಯನ್ನು ತಾನು ಕಂಡೇ ಇಲ್ಲವೆಂಬ ಅರ್ಥದಲ್ಲಿ ಬರೆದನು. ಸ್ಪೇನಿನವರು ಅದಕ್ಕೆ ಹಾಸ್ಯಕ್ಕಾಗಿ 'ಚುರುಕುಗಾರ' ಎಂಬರ್ಥದ ಹೆಸರಿಟ್ಟಿದ್ದರು. 2021ರಲ್ಲಿ ಕೋಸ್ಟರಿಕಾದ ಶಾಸನಸಭೆ ಇದೇ ಪ್ರಾಣಿಯನ್ನು ರಾಷ್ಟ್ರದ ಲಾಂಛನಗಳಲ್ಲಿ ಒಂದಾಗಿ ಅಂಗೀಕರಿಸಿತು! ಈ ಎರಡು ತೀರ್ಪುಗಳ ನಡುವೆ ಸುಮಾರು 500 ವರ್ಷಗಳಿವೆ. ಆ ಅವಧಿಯ ಬಹುಭಾಗ ಕೊಡಲಿಯದೇ ಆಳ್ವಿಕೆ.

ಕಾಡು ಕಡಿದು ನಾಡು

'ಶ್ರೀಮಂತ ತೀರ' ಎಂಬುದು ಕೋಸ್ಟರಿಕಾ ಎಂಬ ಹೆಸರಿನ ಅರ್ಥ. ನಿರೀಕ್ಷಿಸಿದಷ್ಟು ಚಿನ್ನ ಮಾತ್ರ ದೊರೆಯಲಿಲ್ಲ. ಸ್ಪೇನಿನ ಸಾಮ್ರಾಜ್ಯದಲ್ಲಿ ಇದು ಬಡ ಮೂಲೆಯಾಗಿಯೇ ಉಳಿಯಿತು. ಬ್ರಿಬ್ರಿ, ಕಬೇಕರ್ ಮೊದಲಾದ ಮೂಲನಿವಾಸಿಗಳು ತಲಮಾಂಕಾ ಬೆಟ್ಟಗಳಲ್ಲಿ ಕಾಡಿನೊಡನೆ ಬಾಳುವೆಯನ್ನು ಮುಂದುವರಿಸಿದರು. 19ನೆಯ ಶತಮಾನದಲ್ಲಿ ಕಾಫಿ ಬಂದು ನಡುನಾಡಿನ ಕಣಿವೆ ತೋಟವಾಯಿತು. ಕಾಫಿಯನ್ನು ಅಟ್ಲಾಂಟಿಕ್ ಕಡೆಗೆ ಸಾಗಿಸಲು ರೈಲುದಾರಿ ಬೇಕಾಯಿತು. ಅಮೆರಿಕದ ಮೈನರ್ ಕೀತ್ 1890ರಲ್ಲಿ ಅದನ್ನು ಮುಗಿಸುವ ವೇಳೆಗೆ ಜ್ವರಕ್ಕೆ ಬಲಿಯಾದ ಕೂಲಿಗಳು ಸಾವಿರಾರು ಮಂದಿ. ರೈಲುದಾರಿಯ ಇಕ್ಕೆಲಗಳಲ್ಲಿ ಬಾಳೆ ನೆಟ್ಟರು. ಆ ಬಾಳೆಯಿಂದಲೇ 1899ರಲ್ಲಿ ಯುನೈಟೆಡ್ ಫ್ರೂಟ್ ಕಂಪೆನಿ ಹುಟ್ಟಿ, ಮಧ್ಯ ಅಮೆರಿಕದ ಸರ್ಕಾರಗಳನ್ನೇ ಕುಣಿಸುವಷ್ಟು ಬೆಳೆಯಿತು.

ಆದರೂ ಕಾಡಿಗೆ ದೊಡ್ಡ ಪೆಟ್ಟು ಬಿದ್ದದ್ದು ಕಾಫಿಯಿಂದಲ್ಲ, ಬಾಳೆಯಿಂದಲೂ ಅಲ್ಲ, ದನದಿಂದ. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಮಾರುಕಟ್ಟೆ ಅಗ್ಗದ ಗೋಮಾಂಸವನ್ನು ಬೇಡಿತು. ಬ್ಯಾಂಕುಗಳು ಹುಲ್ಲುಗಾವಲಿಗೆ ಸುಲಭವಾಗಿ ಸಾಲ ಕೊಟ್ಟವು. ಜಮೀನಿನ ಕಾನೂನೂ ಇದಕ್ಕೆ ಒತ್ತಾಸೆಯಾಗಿ ನಿಂತಿತು. ಒಡೆತನವಿಲ್ಲದ ಕಾಡಿಗೆ ಹೋಗಿ ಮರ ಕಡಿದವನು ನೆಲವನ್ನು 'ಸುಧಾರಿಸಿದವನು', ಸುಧಾರಿಸಿದವನಿಗೆ ಹಕ್ಕು. ಕಡಿಯದೆ ಬಿಟ್ಟವನು ಸೋಮಾರಿ. ಅವನ ನೆಲವನ್ನು ಬೇರೆಯವರು ಬಂದು ಕಡಿದು ತಮ್ಮದೆನ್ನಬಹುದು. ಕಾಡು ಕಡಿದು ನಾಡು ಮಾಡುವುದು ನಮ್ಮ ಭಾಷೆಯಲ್ಲಿಯೂ ಪೌರುಷದ ಮಾತೇ ಅಲ್ಲವೆ? ತುಂಡು ನೆಲಕ್ಕಾಗಿ ಬಂದ ಬಡ ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವನ ಕೈಗೆ ಕೊಡಲಿ ಕೊಟ್ಟದ್ದು ಕಾನೂನು.

ಯುದ್ಧ ಬೇಡವೆಂದವರ ಬೆಟ್ಟ

1948ರಲ್ಲಿ ಈ ದೇಶದಲ್ಲಿ 44 ದಿನಗಳ ಅಂತರ್ಯುದ್ಧ ನಡೆಯಿತು. ಗೆದ್ದ ಪಕ್ಷದ ನಾಯಕ ಹೊಸೆ ಫಿಗೆರೆಸ್ ಆ ವರ್ಷದ ಡಿಸೆಂಬರ್ 1ರಂದು, ಗೆದ್ದವರು ಸಾಮಾನ್ಯವಾಗಿ ಮಾಡದ ಕೆಲಸವೊಂದನ್ನು ಮಾಡಿದರು: ಸುತ್ತಿಗೆಯಿಂದ ಸೈನಿಕರ ಬಿಡಾರದ ಗೋಡೆಗೆ ಹೊಡೆದು, ಇನ್ನು ನಮಗೆ ಸೈನ್ಯ ಬೇಡವೆಂದು ಸಾರಿದರು. 1949ರ ಸಂವಿಧಾನ ಅದನ್ನು ಸ್ಥಿರಪಡಿಸಿತು. ಆ ಬಿಡಾರ ಇಂದು ರಾಷ್ಟ್ರೀಯ ವಸ್ತುಸಂಗ್ರಹಾಲಯ.

ಈ ಸುದ್ದಿ ದೂರದ ಅಲಬಾಮ ಪ್ರಾಂತದ ಕೆಲವು ಕುಟುಂಬಗಳ ಕಿವಿಗೆ ಬಿದ್ದಿತು. ಅವರು ಕ್ವೇಕರ್ ಪಂಥದವರು. ಆಯುಧ ಹಿಡಿಯುವುದು ಪಾಪವೆಂದು ನಂಬಿದವರು. ಸೈನ್ಯಕ್ಕೆ ಹೆಸರು ದಾಖಲಿಸಲೊಪ್ಪದೆ ಅವರ ನಾಲ್ವರು ಯುವಕರು 1949ರಲ್ಲಿ ಸೆರೆಮನೆ ಕಂಡಿದ್ದರು. ಸೈನ್ಯವಿಲ್ಲದ ದೇಶವೊಂದು ಇದೆಯೆಂದ ಮೇಲೆ ಅಲ್ಲಿಗೇ ಹೋಗಿ ಬಾಳಬಾರದೇಕೆ? ಹನ್ನೊಂದು ಕುಟುಂಬಗಳು, ಒಟ್ಟು ನಲವತ್ತಕ್ಕೂ ಹೆಚ್ಚು ಜನ, ಮಕ್ಕಳು ಮರಿಗಳೊಡನೆ ಹೊರಟು 1951ರಲ್ಲಿ ತಿಲರಾನ್ ಬೆಟ್ಟಸಾಲಿನ ಮೇಲೆ ಸುಮಾರು 1,400 ಹೆಕ್ಟೇರ್ ನೆಲ ಕೊಂಡರು. ಊರಿಗೆ ಮೊಂಟೆವರ್ದೆ ಎಂದು ಹೆಸರಿಟ್ಟರು, ಎಂದರೆ ಹಸಿರುಬೆಟ್ಟ. ಹಸು ಕಟ್ಟಿದರು, ಚೀಸ್ ಮಾಡಿ ಮಾರಿದರು.

ಇವರೂ ಮರ ಕಡಿದವರೇ. ಹಸುವಿಗೆ ಹುಲ್ಲು ಬೇಡವೆ? ಆದರೆ ಊರಿಗೆ ನೀರು ಕೊಡುವ ಹೊಳೆಯ ಉಗಮ ಬೆಟ್ಟದ ನೆತ್ತಿಯ ಕಾಡಿನಲ್ಲಿದೆ ಎಂಬುದನ್ನು ಕಂಡು, ಅಲ್ಲಿನ ಸುಮಾರು 550 ಹೆಕ್ಟೇರುಗಳನ್ನು ಯಾರೂ ಮುಟ್ಟಬಾರದೆಂದು ಒಮ್ಮತದಿಂದ ತೆಗೆದಿಟ್ಟರು. ವಿಜ್ಞಾನಿಗಳು ಅಲ್ಲಿಗೆ ಬಂದದ್ದು ಆಮೇಲೆ. 1972ರಲ್ಲಿ ಜಾರ್ಜ್ ಪವೆಲ್ ಎಂಬ ತರುಣ ಜೀವಶಾಸ್ತ್ರಜ್ಞರ ಯತ್ನದಿಂದ ಪಕ್ಕದ ನೆಲವೂ ಸೇರಿ ಮೊಂಟೆವರ್ದೆಯ ಮೋಡಗಾಡು ರಕ್ಷಿತಾರಣ್ಯವಾಯಿತು. ಕ್ವೆಟ್ಸಾಲ್ ಎಂಬ ನೀಳಬಾಲದ ಪಚ್ಚೆಹಕ್ಕಿಯನ್ನು ನೋಡಲು ಜಗತ್ತೆಲ್ಲ ಅಲ್ಲಿಗೆ ಬರುತ್ತದೆ. ಅದರ ಬುಡದಲ್ಲಿರುವುದು ಹಾಲುಮಾರಿ ಬದುಕುವ ಕೆಲವು ಸಂಸಾರಗಳ ನೀರಿನ ಚಿಂತೆ.

ಹಣ್ಣುಬೆಳೆಗಾರ ದಂಪತಿಗಳು

ಇವರ ಹಿಂದೆಯೇ, 1955ರಲ್ಲಿ, ಸ್ವೀಡನ್ನಿನ ಓಲೊಫ್ ವೆಸ್‌ಬರ್ಗ್, ಡೆನ್ಮಾರ್ಕಿನ ಕರೆನ್ ಮೊಗೆನ್ಸೆನ್ ಎಂಬ ದಂಪತಿಗಳು ಶಾಂತಸಾಗರದ ಕಡೆಯ ನಿಕೋಯ ಪರ್ಯಾಯದ್ವೀಪಕ್ಕೆ ಬಂದು ಮೊಂಟೆಸುಮಾದ ಕಡಲದಂಡೆಯಲ್ಲಿ ಹಣ್ಣು ಬೆಳೆದುಕೊಂಡು ಸರಳ ಜೀವನ ನಡೆಸತೊಡಗಿದರು. ಸುತ್ತಲ ಕಾಡು ಅವರ ಕಣ್ಣೆದುರಿಗೇ ಕರಗಿತು. ಕಡೆಗೆ ಪರ್ಯಾಯದ್ವೀಪದ ತುದಿ, ಕಾಬೊ ಬ್ಲಾಂಕೊ, ಒಂದೇ ಉಳಿಯಿತು. ಅಲ್ಲಿಯೂ ಕೊಡಲಿ ಬಿದ್ದಿದ್ದಿತು.

ಓಲೊಫ್ 1960ರಿಂದ ಯೂರೋಪು, ಅಮೆರಿಕಗಳ ನಿಸರ್ಗಪ್ರೇಮಿ ಸಂಘಗಳಿಗೆ ಕಾಗದ ಬರೆಯತೊಡಗಿದರು. ಹಣ ಕೂಡಿಸಿದರು, ರಾಜಧಾನಿ ಸಾನ್ ಹೊಸೆಗೆ ಮತ್ತೆ ಮತ್ತೆ ಅಲೆದು ಕಚೇರಿಗಳ ಬಾಗಿಲು ಕಾದರು. 1963ರ ಅಕ್ಟೋಬರಿನಲ್ಲಿ ಸುಮಾರು 1,172 ಹೆಕ್ಟೇರುಗಳ ಕಾಬೊ ಬ್ಲಾಂಕೊ ಸಂಪೂರ್ಣ ರಕ್ಷಿತ ನೆಲೆಯಾಯಿತು. 'ಸಂಪೂರ್ಣ' ಎಂಬ ಮಾತು ಅಲಂಕಾರಕ್ಕೆ ಹಾಕಿದ್ದಲ್ಲ. ಬಹುಕಾಲ ಪ್ರವಾಸಿಗಳಿಗೂ ಅಲ್ಲಿ ಪ್ರವೇಶವಿರಲಿಲ್ಲ. ಕಡಿದ ಜಾಗಗಳಲ್ಲಿ ಕಾಡು ತಾನಾಗಿ ಚಿಗುರಿತು. ಇಡೀ ದೇಶದಲ್ಲಿ ಮುಂದೆ ಬೆಳೆದ ರಕ್ಷಣಾವ್ಯವಸ್ಥೆಯ ಬೀಜ ಇದು.

1975ರಲ್ಲಿ ದಕ್ಷಿಣದ ಓಸ ಪರ್ಯಾಯದ್ವೀಪದ ಮಳೆಕಾಡನ್ನು ಉಳಿಸುವ ಮಾತು ಎದ್ದಾಗ ಓಲೊಫ್ ಅದನ್ನು ಕಣ್ಣಾರೆ ನೋಡಿಬರಲು ಹೊರಟರು. ಆ ಜುಲೈನಲ್ಲಿ ದಾರಿ ತೋರಿಸುವೆನೆಂದು ಜೊತೆಗೆ ಬಂದವನೇ ಅವರನ್ನು ಕೊಂದನು. ಮೂರು ತಿಂಗಳ ಅನಂತರ ಆ ಕಾಡು ಕೊರ್ಕೊವಾದೊ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಕರೆನ್ ಒಬ್ಬರೇ ಮೊಂಟೆಸುಮಾದಲ್ಲಿ ಉಳಿದು, 1994ರಲ್ಲಿ ತೀರಿಕೊಳ್ಳುವವರೆಗೆ ಗಂಡನ ಕೆಲಸವನ್ನು ಮುಂದುವರಿಸಿದರು. ಅವರ ಜಮೀನು ಕೂಡ ಇಂದು ರಕ್ಷಿತ ಕಾಡು.

ಆಮೆಯ ತೀರ, ಬಾಗಿಲಿನ ತೀರ

ಕಡಲತೀರಗಳ ಕಥೆ ಬೇರೆ ಬಗೆಯದು. ಕೆರಿಬಿಯನ್ ದಂಡೆಯ ತೊರ್ತುಗೆರೊ ಎಂಬ ಊರಿನ ಹೆಸರಿನಲ್ಲಿಯೇ ಆಮೆಯಿದೆ. ಯೂರೋಪಿನ ಭೋಜನಗಳಲ್ಲಿ ಹಸಿರಾಮೆಯ ಸಾರು ಬಹುಮಾನ್ಯವಾಗಿದ್ದ ಕಾಲದಲ್ಲಿ, ಈ ಉದ್ದನೆಯ ತೀರವನ್ನು ಮೈಲಿಗೊಬ್ಬನಂತೆ ಹಂಚಿಕೊಂಡು ಕಾವಲು ಕೂರುತ್ತಿದ್ದರು. ಮೊಟ್ಟೆಯಿಡಲು ಬಂದ ಆಮೆಯನ್ನು ಅಂಗಾತ ಕೆಡವಿದರೆ ಮುಗಿಯಿತು, ಅದು ತಿರುಗಿ ಏಳಲಾರದು. ಬೆಳಗಾದ ಮೇಲೆ ದೋಣಿಗೆ ಹೇರುವುದಷ್ಟೇ ಕೆಲಸ.

1950ರ ದಶಕದಲ್ಲಿ ಫ್ಲಾರಿಡಾದ ಪ್ರಾಣಿಶಾಸ್ತ್ರದ ಅಧ್ಯಾಪಕ ಆರ್ಚಿ ಕಾರ್ ಇಲ್ಲಿಗೆ ಬಂದರು. ಹೆಂಡತಿ ಮತ್ತು ಐವರು ಮಕ್ಕಳೊಡನೆ ಕೆಲಕಾಲ ಕೋಸ್ಟರಿಕಾದಲ್ಲಿಯೇ ನೆಲಸಿದ್ದವರು ಇವರು. 1956ರಲ್ಲಿ ಅಚ್ಚಾದ ಅವರ ಪ್ರವಾಸಗ್ರಂಥವನ್ನು ಓದಿದವರು ಸೇರಿ 1959ರಲ್ಲಿ 'ಹಸಿರಾಮೆಯ ಬಂಧುಬಳಗ'ವೆಂಬ ಸಂಘವನ್ನೇ ಕಟ್ಟಿದರು. ಕಾರ್ ಆಮೆಗಳ ಮುಂಗಾಲಿಗೆ ಲೋಹದ ಬಿಲ್ಲೆ ತೊಡಿಸಿ ಬಿಟ್ಟರು. ಬಿಲ್ಲೆಯನ್ನು ಹಿಂದಿರುಗಿಸಿದವರಿಗೆ ಬಹುಮಾನ. ಕೆರಿಬಿಯನ್ನಿನ ಮೂಲೆಮೂಲೆಗಳ ಬೆಸ್ತರಿಂದ ಬಿಲ್ಲೆಗಳು ಬಂದಂತೆಲ್ಲ, ಹಲವು ದೇಶಗಳ ನೀರಿನಲ್ಲಿ ಮೇಯುವ ಆಮೆಗಳಿಗೆ ಈ ಒಂದೇ ತೀರ ತವರು ಎಂಬುದು ಸ್ಪಷ್ಟವಾಯಿತು. 1975ರಲ್ಲಿ ತೊರ್ತುಗೆರೊ ಕಾನೂನಿನ ಮೂಲಕ ರಾಷ್ಟ್ರೀಯ ಉದ್ಯಾನವಾಯಿತು. ಹಿಂದೆ ಆಮೆ ಹಿಡಿಯುತ್ತಿದ್ದ ಮನೆತನಗಳವರೇ ಅಲ್ಲಿ ಪ್ರವಾಸಿಗಳಿಗೆ ದಾರಿ ತೋರಿಸುವವರಾದರು. ಪಶ್ಚಿಮದ ಓಸ್ತಿಯೊನಾಲ್ ತೀರಕ್ಕೆ ಒಮ್ಮೆಲೇ ಸಾವಿರಗಟ್ಟಲೆ ಏರಿಬರುವ ಆಲಿವ್ ರಿಡ್ಲಿ ಆಮೆಗಳು ನಮಗೂ ನೆಂಟರೇ. ಅದೇ ಜಾತಿ ಒಡಿಶಾದ ಮರಳಿನಲ್ಲಿ ಗುಂಪುಗುಂಪಾಗಿಯೂ, ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಬಿಡಿಬಿಡಿಯಾಗಿಯೂ ಮೊಟ್ಟೆಯಿಡುತ್ತದೆ.

ಇನ್ನೊಂದು ತೀರ ಮಾನ್ವೆಲ್ ಆಂತೋನಿಯೊ. ಮಕ್ಕಳೊಂದಿಗರು ಇಂದು ಹೆಚ್ಚಾಗಿ ಹೋಗುವುದು ಇಲ್ಲಿಗೇ. ಕೆಪೊಸ್ ಎಂಬ ಬಾಳೆಯ ರೇವಿನ ಜನ ಹಿಂದಿನಿಂದಲೂ ಬಿಡುವಿನ ದಿನ ಸಂಸಾರದೊಡನೆ ಈ ಮರಳಿಗೆ ಬರುತ್ತಿದ್ದರು. ನೆಲ ಪರದೇಶದವರ ಕೈಸೇರಿ, ದಾರಿಗೆ ಬಾಗಿಲು ಬಿದ್ದಾಗ ಊರವರು ಸುಮ್ಮನಿರಲಿಲ್ಲ. ಬಾಗಿಲನ್ನು ಕಿತ್ತೊಗೆದರು, ಸರ್ಕಾರದ ಮೇಲೆ ಒತ್ತಡ ತಂದರು. 1972ರ ನವೆಂಬರಿನಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮೊದಲ ಬೇಡಿಕೆ ಕೋತಿಗಾಗಿ ಅಲ್ಲ, ಕಡಲಿಗೆ ಹೋಗುವ ಹಕ್ಕಿಗಾಗಿ. ಆ ಹಕ್ಕಿನ ಹಿಂದೆಯೇ ಕೋತಿಯೂ ಉಳಿಯಿತು.

ಇಷ್ಟೆಲ್ಲವನ್ನು ಒಂದು ವ್ಯವಸ್ಥೆಯೊಳಗೆ ತಂದವರು ಮಾರಿಯೊ ಬೊಸ, ಆಲ್ವಾರೊ ಉಗಾಲ್ದೆ ಎಂಬ ಇಬ್ಬರು ತರುಣರು. 1969ರ ಅರಣ್ಯ ಶಾಸನದ ಬಲದಿಂದ, ಹೆಚ್ಚು ಹಣವೂ ಜನವೂ ಇಲ್ಲದೆ, ರಾಷ್ಟ್ರೀಯ ಉದ್ಯಾನಗಳ ಇಲಾಖೆಯನ್ನು ಅವರು ಕಟ್ಟಿದರು. ಆಗ ಮತ್ತೆ ಅಧ್ಯಕ್ಷರಾಗಿದ್ದ ಫಿಗೆರೆಸರ ಪತ್ನಿ ಕರೆನ್ ಓಲ್ಸೆನ್ ಅವರಿಗೆ ಬೆಂಬಲವಾಗಿ ನಿಂತರು. ಇಂದು ದೇಶದ ನೆಲದಲ್ಲಿ ಸುಮಾರು ಕಾಲುಭಾಗ ಒಂದಲ್ಲ ಒಂದು ಬಗೆಯ ರಕ್ಷಣೆಯಲ್ಲಿದೆ.

ಮಕ್ಕಳ ಕಾಸು, ಪೆಟ್ರೋಲಿನ ತೆರಿಗೆ

1987ರಲ್ಲಿ ಸ್ವೀಡನ್ನಿನ ಒಂದು ಹಳ್ಳಿಶಾಲೆಯಲ್ಲಿ, ಎಹಾ ಕೆರ್ನ್ ಎಂಬ ಉಪಾಧ್ಯಾಯಿನಿಯ ತರಗತಿಯಲ್ಲಿ, ಮಳೆಕಾಡಿನ ಪಾಠ ನಡೆದಿದ್ದಿತು. ಕಾಡು ನಾಶವಾಗುತ್ತಿದೆಯೆಂದು ಕೇಳಿದ ಒಂಬತ್ತು ವರ್ಷದ ಹುಡುಗನೊಬ್ಬ, ಹಾಗಾದರೆ ನಾವೇ ಅದನ್ನು ಕೊಂಡುಕೊಳ್ಳಬಾರದೇಕೆಂದು ಕೇಳಿದನು. ಮಕ್ಕಳು ಕಾಸು ಕೂಡಿಸಿದರು. ಬೇರೆ ಶಾಲೆಗಳು, ಬೇರೆ ದೇಶಗಳು ಸೇರಿಕೊಂಡವು. ಹಾಗೆ ಮೊಂಟೆವರ್ದೆಯ ಪಕ್ಕದಲ್ಲಿ ಬೆಳೆದ 'ಮಕ್ಕಳ ಶಾಶ್ವತ ಮಳೆಕಾಡು' ಇಂದು 22,000 ಹೆಕ್ಟೇರುಗಳನ್ನು ಮೀರಿದೆ. ಆ ದೇಶದ ಖಾಸಗಿ ರಕ್ಷಿತಾರಣ್ಯಗಳಲ್ಲಿ ಅದೇ ದೊಡ್ಡದು.

ಬರಿಯ ಒಳ್ಳೆಯತನದಿಂದ ಕಾಡು ಮರಳಿತೆಂದರೆ ಚರಿತ್ರೆಗೆ ಮೋಸ ಮಾಡಿದಂತೆ. 1980ರ ದಶಕದಲ್ಲಿ ಗೋಮಾಂಸದ ಬೆಲೆ ಕುಸಿಯಿತು. ಸಾಲದ ಹೊರೆಗೆ ಸಿಕ್ಕ ಸರ್ಕಾರ ಹುಲ್ಲುಗಾವಲಿಗೆ ಕೊಡುತ್ತಿದ್ದ ನೆರವು ಬತ್ತಿತು. ಪಾಳುಬಿದ್ದ ಗೋಮಾಳಗಳಲ್ಲಿ ಮರಗಳು ತಾವಾಗಿ ಎದ್ದವು. ಆ ಸಂದರ್ಭವನ್ನು ಆಡಳಿತ ಕೈಬಿಡಲಿಲ್ಲ. 1996ರ ಅರಣ್ಯ ಶಾಸನ ಕಾಡನ್ನು ಬೇರೆ ಬಳಕೆಗೆ ತಿರುಗಿಸುವುದನ್ನು ನಿಷೇಧಿಸಿತು. ಮರು ವರ್ಷದಿಂದ, ಮರ ಉಳಿಸಿಕೊಂಡ ಜಮೀನುದಾರನಿಗೆ ಸರ್ಕಾರವೇ ಹಣ ಕೊಡತೊಡಗಿತು. ನೀರು, ಗಾಳಿ, ಜೀವರಾಶಿ, ಚೆಲುವು ಇವುಗಳನ್ನು ಕಾಪಾಡಿದ ಸೇವೆಗೆ ಸಂಭಾವನೆ ಎಂಬ ಲೆಕ್ಕ. ಅದಕ್ಕೆ ಹಣ ಬಂದದ್ದು ಬಹುಮಟ್ಟಿಗೆ ಪೆಟ್ರೋಲು, ಡೀಸೆಲುಗಳ ಮೇಲಿನ ತೆರಿಗೆಯಿಂದ. ಹಿಂದಿನ ಕಾನೂನು ಕಡಿದವನಿಗೆ ಹಕ್ಕು ಕೊಟ್ಟಿದ್ದರೆ, ಹೊಸದು ಕಡಿಯದವನಿಗೆ ಕೂಲಿ ಕೊಟ್ಟಿತು.

ಉಳಿದ ಸಾಲ

ಈ ಲೆಕ್ಕದಲ್ಲಿ ಖರ್ಚಿನ ಬದಿಯೂ ಇದೆ. ಕೊರ್ಕೊವಾದೊ ಉದ್ಯಾನವಾದಾಗ ಒಳಗಿದ್ದ ಸಾಗುವಳಿದಾರರು ಹೊರಗೆ ಬರಬೇಕಾಯಿತು. 1980ರ ದಶಕದ ನಡುವೆ, ಅಲ್ಲಿನ ಹೊಳೆಗಳಲ್ಲಿ ಚಿನ್ನ ಜಾಲಿಸಿ ಹೊಟ್ಟೆ ಹೊರೆಯುತ್ತಿದ್ದ ನೂರಾರು ಬಡವರನ್ನು ಸರ್ಕಾರ ತೆರವುಗೊಳಿಸಿತು. ಪರಿಹಾರಕ್ಕಾಗಿ ಅವರು ರಾಜಧಾನಿಯವರೆಗೂ ಬಂದು ಕೂರಬೇಕಾಯಿತು. 2013ರ ಮೇ 31ರಂದು ಲಿಮೋನಿನ ಹತ್ತಿರದ ಮೊಯಿನ್ ತೀರದಲ್ಲಿ, ರಾತ್ರಿ ಆಮೆಯ ಗೂಡುಗಳನ್ನು ಕಾಯುತ್ತಿದ್ದ 26 ವರ್ಷದ ಹೈರೊ ಮೋರ ಕೊಲೆಯಾದರು. 1502ರಲ್ಲಿ ಕೊಲಂಬಸನ ಹಡಗುಗಳು ನಿಂತ ನೀರಿಗೆ ಆ ಸ್ಥಳ ದೂರವೇನಲ್ಲ.

ರಕ್ಷಣೆಯ ಬೇಲಿಗೆ ನಿಲುಕದ ನಷ್ಟವೂ ಉಂಟು. ಮೊಂಟೆವರ್ದೆಯ ನೆತ್ತಿಯ ಕೆಲವೇ ಚದರ ಕಿಲೋಮೀಟರುಗಳಲ್ಲಿ ಮಾತ್ರ ಒಂದು ನೆಲಗಪ್ಪೆ ಇದ್ದಿತು. ಗಂಡಿನ ಮೈ ಅಪ್ಪಟ ಹೊನ್ನಿನ ಬಣ್ಣ. 1960ರ ದಶಕದಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಹೊನ್ನಗಪ್ಪೆಗಳು 1987ರ ವಸಂತದಲ್ಲಿ 1,500ಕ್ಕೂ ಮಿಕ್ಕಿ ಕಂಡಿದ್ದವು. 1989ರಲ್ಲಿ ಕಂಡದ್ದು ಒಂದೇ ಒಂದು ಗಂಡು. ಆಮೇಲೆ ಯಾರಿಗೂ ಕಾಣಲಿಲ್ಲ; 2004ರಲ್ಲಿ ಅದು ಅಳಿದುಹೋಯಿತೆಂದು ದಾಖಲಿಸಿದರು. ಚರ್ಮಕ್ಕೆ ಅಂಟುವ ಬೂಷ್ಟಿನ ರೋಗವೂ, ಆ ವರ್ಷಗಳ ಅಸಾಮಾನ್ಯ ಬಿಸಿ ಮತ್ತು ಒಣಹವೆಯೂ ಕಾರಣವೆಂದು ತಿಳಿದವರ ಅಭಿಪ್ರಾಯ. ಅಲ್ಲಿ ಒಂದು ಮರವನ್ನೂ ಯಾರೂ ಕಡಿದಿರಲಿಲ್ಲ. ಕಾಡನ್ನು ಉಳಿಸುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲವೆಂದು ಆ ಬರಿದಾದ ನೀರಗುಂಡಿಗಳು ಹೇಳುತ್ತವೆ.

ಈಗ ಪ್ರವಾಸಿಗಳೇ ಆ ನಾಡಿನ ದೊಡ್ಡ ಬೆಳೆ. 1990ರ ದಶಕದಲ್ಲಿಯೇ ಅವರು ತರುವ ಹಣ ಕಾಫಿ, ಬಾಳೆಗಳ ಆದಾಯವನ್ನು ಮೀರಿತು. ಬೆಳೆ ಹೆಚ್ಚಾದರೆ ನೆಲ ಸವೆಯುತ್ತದೆ. ಮಾನ್ವೆಲ್ ಆಂತೋನಿಯೊದಲ್ಲಿ ಜನ ತಿಂಡಿ ಕೊಟ್ಟು ಕೊಟ್ಟು ಕೋತಿಗಳು ಕಳ್ಳತನ ಕಲಿತಿವೆ. ಆದುದರಿಂದ ಅಲ್ಲಿ ದಿನಕ್ಕೆ ಇಷ್ಟೇ ಮಂದಿ ಎಂದು ಮಿತಿ ಹಾಕಿದ್ದಾರೆ. ವಾರದಲ್ಲಿ ಒಂದು ದಿನ ಉದ್ಯಾನವನ್ನು ಮುಚ್ಚುತ್ತಾರೆ. ಒಮ್ಮೆ ಜನ ಕಿತ್ತೊಗೆದ ಬಾಗಿಲಿನ ಜಾಗದಲ್ಲಿ ಈಗ ಜನರೇ ಒಪ್ಪಿಕೊಂಡ ಬಾಗಿಲಿದೆ. ದೂರದಿಂದ ಬಂದ ಕುಟುಂಬಕ್ಕೆ ಆ ದಿನ ನಿರಾಶೆಯಾಗಬಹುದು, ಮಕ್ಕಳು ಅಳಬಹುದು. ಅವರಿಗೆ ಕಾರಣ ಹೇಳುವುದು ಕಷ್ಟವಲ್ಲ: ಇವತ್ತು ಕಾಡಿಗೆ ರಜೆ.